ಬ್ರೈಟ್ ಗ್ರೇಡಿನ ಕ್ಷಯ

ಮೈಸೂರು, ೧೨-೯-೨೦೦೪

ಸುಂದ್ರಮ್ಮ ಅತ್ತಿಗೆಗೆ ನಿಮ್ಮ ಮೈದುನ ಮಲ್ಲೇಶನ ನಮಸ್ಕಾರ.

ನನ್ನನ್ನು ಇಲ್ಲಿ ಕ್ಷಯದ ವಾರ್ಡಿಗೆ ಸೇರಿಸಿಕೊಂಡಿದ್ದಾರೆ. ಹೊಗೆಸೊಪ್ಪಿನಂತೆ ಕ್ಷಯದ ಕ್ರಿಮಿಯಲ್ಲೂ ತಳಿಗಳಿವೆ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಸೊಪ್ಪು ಬೆಳೆಯುವ ನಮ್ಮ ಕಡೆಯ ರೋಗಿಗಳೆಲ್ಲ ಸೇರಿ ವಾರ್ಡಿನಲ್ಲೇ ಸೊಪ್ಪಿನ ಹರಾಜು ಹೂಡಿದರು. ಹ್ಯಾಂಡ್‌ಪೋಸ್ಟಿನ ದೊಡ್ಡಬೀರಯ್ಯನವರು ಸೊಪ್ಪಿನ ಬೇಲು ಬಿಚ್ಚಿ ನೋಡುವವರ ಗತ್ತಿನಲ್ಲಿ ಒಬ್ಬೊಬ್ಬರ ಕೆಮ್ಮು ಕೇಳಿ ಗ್ರೇಡ್ ಕೊಟ್ಟರು. ಜ್ವರದಲ್ಲಿ ಮಂಚ ನಡುಗಿಸುವವರದೆಲ್ಲ ಲೋ ಗ್ರೇಡ್. ನನಗೆ ಜ್ವರವಿಲ್ಲ, ಬರೀ ಕೆಮ್ಮು. "ನಿಂದು ಬ್ರೈಟ್ ಕಣ್ಲಾ, ಎಲ್ಲಕ್ಕೂ ಮೇಲ್ನೇ ಗ್ರೇಡು, ಸದ್ದಿಲ್ದೆ ಕುಂತದೆ" ಎಂದು ಕಿಟಕಿ ಪಕ್ಕದ ಮಂಚವನ್ನೇ ಬಿಡಿಸಿಕೊಟ್ಟರು. ನಾನೂ ಬೀಗಿದೆ.

ಡಾಕ್ಟರಮ್ಮ ನಗಲಿಲ್ಲ. ಕೆಲವು ತಳಿ ಒಳಹೊಕ್ಕ ಕೂಡಲೇ ಮೈ ರೇಗಿ ಜಗಳಕ್ಕೆ ನಿಲ್ಲುತ್ತದಂತೆ. ಕೆಲವು ಮೈಯನ್ನು ಎಬ್ಬಿಸದೆ ಮೆಲ್ಲಗೆ ಬೆಳೆಯುತ್ತವಂತೆ, ಊರೆಲ್ಲ ಹೆಚ್ಚು ಹರಡುವುದೂ ಅವೇ ಇರಬಹುದಂತೆ. "ಲ್ಯಾಬಿನಲ್ಲಿ ನೋಡಿದೀವಿ, ನಿಮ್ಮದು ಆ ಮೆತ್ತಗಿನ ತಳೀನೇ ಕಣ್ರೀ. ಮನೆಯವ್ರನ್ನೆಲ್ಲ ಪರೀಕ್ಷೆ ಮಾಡಿಸ್ಬಿಡಿ" ಎಂದರು. ಹಾಗಾಗಿ ಅಣ್ಣನೂ ನೀವೂ ಇಬ್ಬರೂ ನಾಳೆಯೇ ಪಿರಿಯಾಪಟ್ಟಣದ ಆಸ್ಪತ್ರೆಗೆ ಹೋಗಿ. ನಿಮ್ಮ ಶಿವಾನಿಯನ್ನು ಮೊದಲು ತೋರಿಸಿ, ಮಗು ನನ್ನ ಮಗ್ಗುಲಲ್ಲೇ ಕೂತು ಉಣ್ಣುತ್ತಿತ್ತು. ಮಾತ್ರೆಗೆ ನನ್ನ ಉಚ್ಚೆ ಕೆಂಪಗಾಗಿದೆ, ಅದಕ್ಕೆ ಹೆದರಬೇಕಿಲ್ಲವಂತೆ.

ಈ ಕಾರ್ಡನ್ನು ನಿಮಗಿಂತ ಮೊದಲು ಓದುವವನು ಪೋಸ್ಟ್‌ಮ್ಯಾನ್ ಚಲುವರಾಜು. ಲೇ ಚಲುವರಾಜು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯೊಳಗೆ ಬಾಗಿಲು ಹಾಕಿಕೊಂಡು ನನ್ನ ಜೊತೆ ಇಸ್ಪೀಟು ಆಡಿದವನು ನೀನು. ಅತ್ತಿಗೆಯವರ ಜೊತೆ ನೀನೂ ಬಸ್ಸು ಹತ್ತು. ಓದಿದ ಕಾರ್ಡನ್ನು ದಾರಿಯುದ್ದಕ್ಕೂ ಎಲ್ಲರಿಗೂ ಹೇಳಿಕೊಂಡೇ ಹೋಗುತ್ತೀಯ, ಈ ಸಲ ನಾನೇ ಹೇಳುತ್ತಿದ್ದೇನೆ, ಹೇಳು.

ಮಲ್ಲೇಶ