ಫ್ರಿಜ್ ಮೇಲಿನ ಫೋನ್

ರೀ,

ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ಪಾಪುವಿಗೆ ಊಟವಾದ ಮೇಲೆ ಕೆಮ್ಮಿನ ಔಷಧಿ ಒಂದು ಚಮಚ. ಬಾಯಿ ಬಿಗಿ ಹಿಡಿದರೆ ಮೊದಲು ನೀವು ಕುಡಿದ ಹಾಗೆ ಮಾಡಿ. ನೀಲಿ ಹೊದಿಕೆ ಮಂಚದ ಮೇಲೇ ಇದೆ. ಹುಡುಕಬೇಡಿ, ಕಣ್ಣು ಬಿಟ್ಟು ನೋಡಿ.

ಹೋದ ತಿಂಗಳು ಆ ಹೊದಿಕೆ ಸಿಗುತ್ತಿಲ್ಲ ಅಂತ ಫೋನ್ ಮೇಲೆ ಫೋನ್ ಮಾಡಿ ನನ್ನನ್ನು ನಗರಸಭೆಯ ಮೀಟಿಂಗಿನಿಂದ ಎಬ್ಬಿಸಿದಿರಿ. ಅದು ಬಟ್ಟೆ ಒಣಗುವ ಹಗ್ಗದ ಮೇಲಿತ್ತು. ಅಧ್ಯಕ್ಷರು, "ಹೋಗಿ ಬನ್ನಿ ತಾಯಿ, ನಿಮ್ಮ ವಿಷಯ ಎಲ್ಲೂ ಓಡಿಹೋಗಲ್ಲ" ಅಂದರು. ನಾನು ಬಾಗಿಲು ದಾಟಿದ್ದೇ ತಡ, ಮಂಡಿಸುವವರಿಲ್ಲ ಅಂತ ಅದನ್ನು ಕೈಬಿಟ್ಟರು. ಮೀಟಿಂಗನ್ನು ರಾತ್ರಿ ಬದಲು ಹಗಲು ಇಡಿ, ಮಕ್ಕಳಿರುವ ಸದಸ್ಯೆಯರೂ ಕೊನೆತನಕ ಕೂರುವಂತಾಗಲಿ ಅನ್ನುವುದೇ ಆ ವಿಷಯ. ನಗಬೇಡಿ.

ಇವತ್ತಿನ ಮೀಟಿಂಗಿನಲ್ಲೂ ಅದನ್ನು ಕಟ್ಟಕಡೆಗೇ ಹಾಕಿದ್ದಾರೆ. ನನಗೆ ಮಾತು ಸರಿಯಾಗಿ ಬರುತ್ತದೋ ಇಲ್ಲವೋ. ಲಾಂಡ್ರಿ ಕೆಲಸದಲ್ಲಿ ಬಟ್ಟೆ ಮಡಚುತ್ತಾ ಎಷ್ಟೋ ಸಲ ಹೇಳಿಕೊಂಡೆ, ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರಲಿಲ್ಲ. ಆದರೂ ಈ ಸಲ ಮಧ್ಯದಲ್ಲಿ ಎದ್ದು ಬರುವುದಿಲ್ಲ.

ಪಾಪುವಿಗೆ ಜ್ವರ ಬಂದರೆ ಕೆಳಮನೆಯ ನರ್ಸಕ್ಕನನ್ನು ಕರೆಯಿರಿ, ಹೇಳಿಟ್ಟಿದ್ದೇನೆ. ಪಾಪ, ಅವರಿಗೂ ಸುಸ್ತಾಗಿರುತ್ತದೆ, ಸುಮ್ಮಸುಮ್ಮನೆ ಬಾಗಿಲು ತಟ್ಟಬೇಡಿ.

ನನಗಂತೂ ಫೋನ್ ಮಾಡಲೇಬೇಡಿ. ಮಾಡಿದರೆ ಅದು ಇಲ್ಲೇ ಫ್ರಿಜ್ ಮೇಲೆ ಬಡಿದುಕೊಳ್ಳುತ್ತದೆ, ಪಾಪು ಎದ್ದು ಕೂರುತ್ತಾಳೆ. ಮತ್ತೆ ಮಲಗಿಸುವ ಕೆಲಸ ನಿಮ್ಮದೇ.