ಒಂದು ಎಂದು ಬರೆದ ಮಗಳಿಗೆ ನಾನೇನು ಹೇಳಲಿ?

ಮಾನ್ಯ ಪರೀಕ್ಷಾಧಿಕಾರಿಗಳೇ,

ಸರಿಯಾದ ಉತ್ತರ ಬರೆದ ತಪ್ಪಿಗೆ ನನ್ನ ಮಗಳು ತುಳಸಿಯನ್ನು ನೀವು ಫೇಲು ಮಾಡಿದ್ದೀರಿ. ಮರಾಠಿಯಲ್ಲಿ ಮೂರು ಅರ್ಜಿ ಕೊಟ್ಟೆ, ಒಂದನ್ನೂ ಓದಲಿಲ್ಲ. ಅದಕ್ಕೇ ಈ ಸಲ ಕನ್ನಡದಲ್ಲಿ ಬರೆದು ನಾಸಿಕದ ನಮ್ಮವರ ಪತ್ರಿಕೆಗೆ ಕೊಟ್ಟಿದ್ದೇನೆ. ನೀವು ಓದದಿದ್ದರೂ ನಮ್ಮ ಮಂದಿಯಾದರೂ ಓದಲಿ.

ನಿಮ್ಮ ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ a³ × a⁴ ÷ a⁷ ಅನ್ನು ಸುಲಭ ರೂಪಕ್ಕೆ ತನ್ನಿ ಎಂದು ಕೇಳಿದ್ದಿರಿ. ತುಳಸಿ ಗುಣಾಕಾರಕ್ಕೆ ಘಾತಗಳನ್ನು ಕೂಡಿದಳು, ಭಾಗಾಕಾರಕ್ಕೆ ಕಳೆದಳು. ಘಾತ ಸೊನ್ನೆಯಾಯಿತು, ಉತ್ತರ ಒಂದು ಎಂದು ಬರೆದಳು. ನಿಮ್ಮ ಉತ್ತರಸೂಚಿಯಲ್ಲಿ ಮಾತ್ರ ಸೊನ್ನೆ! ಎರಡು ಅಂಕ ಹೋಯಿತು. ಒಂದೇ ಅಂಕದಿಂದ ಸೀಟು ತಪ್ಪಿತು.

ಸುಳ್ಳೇಕೆ, ಮೊದಲು ನಾನೂ ನಿಮ್ಮ ಕಡೆಯೇ ಇದ್ದೆ. ನಾನು ಗೌಂಡಿ. ಏಳು ಬುಟ್ಟಿ ಇಟ್ಟಂಗಿ ಮೇಲೆ ಹೋಗಿ ಏಳೂ ಗೋಡೆಗೆ ಬಿದ್ದರೆ ಉಳಿಯುವುದು ಸೊನ್ನೆ, ಇಷ್ಟೂ ತಿಳಿಯದೇ ಎಂದು ಅವಳಿಗೇ ಬೈದೆ.

"ಅಪ್ಪಾ, ಇದು ಕಳೆಯೂದಲ್ಲ, ಭಾಗ್ಸೂದು. a ಅಂದ್ರ ಎರಡು ಅಂತ ತಿಳಕೊ. ಏಳು ಎರಡು ಇಟ್ಟು ಗುಣಿಸಿದ್ರ ನೂರಾ ಇಪ್ಪತ್ತೆಂಟು. ಅಷ್ಟು ಇಟ್ಟಂಗಿ ಅಷ್ಟ ಮಂದಿಗೆ ಹಂಚಿದ್ರ ಒಬ್ಬೊಬ್ಬರಿಗೆ ಎಷ್ಟು ಬರ್ತಾವು?"

"ಒಂದ," ಎಂದೆ. ನಾಚಿಕೆಯಾಯಿತು. ಏಳನೆಯ ಇಯತ್ತೆವರೆಗಷ್ಟೇ ಶಾಲೆ ಕಲಿತ ಗೌಂಡಿಗೆ ತಿಳಿದದ್ದು ನಿಮ್ಮ ಕಚೇರಿಯ ಪದವೀಧರರಿಗೆ ತಿಳಿಯದೇ?

ಕೆಲಸ ಬಿಟ್ಟು ಸಂಭಾಜಿನಗರದ ನಿಮ್ಮ ಕಚೇರಿಗೆ ಮೂರು ಸಲ ಬಂದೆ. "ಉತ್ತರಸೂಚೀ ಅಂತಿಮ ಆಹೆ, ಕಾಕಾ," ಎಂದರು ನಿಮ್ಮ ಗುಮಾಸ್ತರು, ತಲೆ ಎತ್ತದೆ. ಉತ್ತರಸೂಚಿಯೇ ಅಂತಿಮವಂತೆ, ಭಲೆ! ಮುದ್ರೆ ಒತ್ತಿಬಿಟ್ಟರೆ ಗಣಿತವೂ ನಿಮ್ಮ ಆಜ್ಞೆ ಪಾಲಿಸುತ್ತದೆಯೇ? ನಾನು ಸೊಟ್ಟ ಗೋಡೆ ಕಟ್ಟಿ ಇದೇ ಅಂತಿಮ ಎಂದರೆ ಕೆಲಸ ಮಾಡಿಸುವ ಮುಕಾದಮ ಸುಮ್ಮನಿರುತ್ತಾನೆಯೇ? ಒಡೆಸಿ ಮತ್ತೆ ಕಟ್ಟಿಸುತ್ತಾನೆ.

ಸೈಟು ಬದಲಾದಂತೆ ನಮ್ಮ ತಗಡಿನ ಶೆಡ್ಡೂ ಬದಲಾಗುತ್ತದೆ. ಮೊನ್ನೆ ಚಾಂದವಡ್, ಇಂದು ಸಿನ್ನರ್. ಮೂರು ವರ್ಷದಲ್ಲಿ ತುಳಸಿ ನಾಲ್ಕು ಶಾಲೆ ಕಂಡಳು. ಹತ್ತನೆಯದು ಮುಗಿಯುವವರೆಗಾದರೂ ಒಂದೇ ಕಡೆ ಕೂತು ಓದಲಿ ಎಂಬುದಷ್ಟೇ ನನ್ನ ಆಸೆ.

ನಿನ್ನೆ ಅವಳು ಕೇಳಿದಳು: "ಅಪ್ಪಾ, ಮುಂದಿನ ಸಲ ಇದ ಲೆಕ್ಕ ಬಂದ್ರ ಸೊನ್ನೀನ ಬರೀಲೇನು?"

ಈ ತಿಂಗಳ ಮೂವತ್ತಕ್ಕೆ ಪ್ರವೇಶ ಮುಗಿಯುತ್ತದೆ. ಅಷ್ಟರೊಳಗೆ ಅವಳ ಉತ್ತರಪತ್ರಿಕೆ ತೆಗೆದು ನೋಡಿ, ಅವಳ ಎರಡು ಅಂಕ ಅವಳಿಗೆ ಕೊಡಿ. ಆಗುವುದಿಲ್ಲವೆಂದರೆ ಸಿನ್ನರಿಗೆ ಬನ್ನಿ. ಗೊತ್ತಿದ್ದೂ ತಪ್ಪು ಬರೆ ಎಂದು ನೀವೇ ಅವಳೆದುರು ನಿಂತು ಹೇಳಿ. ನನ್ನ ಬಾಯಿಂದ ಆ ಮಾತು ಹೊರಡುವುದಿಲ್ಲ.

ಇಂತಿ,
ಮಗಳಿಗೆ ಇನ್ನೂ ಮುಖ ತೋರಿಸಲಾಗದ ಅಪ್ಪ,
ಗುರುಲಿಂಗಪ್ಪ, ಗೌಂಡಿ