ಬಿಸಿಲಿಗಿಟ್ಟ ಚಿಪ್

18-1-1988, ಸೋಮವಾರ

ಬೆಳಿಗ್ಗೆ ರಿಪೇರಿಗೆ ಎರಡು ರೇಡಿಯೊ, ಒಂದು ಟಿವಿ. ಟಿವಿಯದು ಬರೀ ಫ್ಯೂಸ್.

ಮಧ್ಯಾಹ್ನ ತಮ್ಮ ಈರಪ್ಪನ ಪೆಟ್ಟಿಗೆ ಬಿಚ್ಚಿದೆ. ಅವನು ಕಾರ್ತಿಕದಲ್ಲಿ ತೀರಿಕೊಂಡ ಮೇಲೆ ಇದೇ ಮೊದಲು. ಯಮನೂರಿನ ಕಣ್ಣಿನ ಶಿಬಿರಕ್ಕೆಂದು ಮಾಡುತ್ತಿದ್ದ. ಡಾಕ್ಟರ ಆಪರೇಷನ್ನನ್ನು ಕ್ಯಾಮೆರಾದಲ್ಲಿ ಹಿಡಿದು, ಹೊಲದ ಮೇಲೆ ವೈರ್ ಎಳೆದು, ಶಾಲೆಯ ಟಿವಿಗೆ ಕಳಿಸಬೇಕು. ಕಲಿಯುವ ಹುಡುಗರು ಅಲ್ಲಿ ಕೂತು ನೋಡಬೇಕು. ನಡುವೆ ಪಂಪ್‌ಸೆಟ್ಟು. ಮೋಟಾರು ಶುರುವಾದರೆ ಚಿತ್ರ ಹರಿದುಹೋಗುತ್ತದೆ. ಅದನ್ನು ಗೆರೆಗೆರೆಯಾಗಿ ಸಾಲಿಗೆ ನಿಲ್ಲಿಸುವುದೇ ಪೆಟ್ಟಿಗೆಯ ಕೆಲಸ. ಹೇಗೆ ಎಂಬುದನ್ನು ಈರಪ್ಪ ಒಂದು ಚಿಪ್ಪಿನಲ್ಲಿ ತುಂಬಿಸಿದ್ದ.

ಚಿಪ್ಪಿನ ಜಾಗ ಖಾಲಿ.

19-1, ಮಂಗಳವಾರ

ಈರಪ್ಪನ ಹೆಂಡತಿ ಅನ್ನವ್ವನನ್ನು ಚಿಪ್ ಎಲ್ಲೆಂದು ಕೇಳಿದೆ.

“ಗಾಜಿನ ಕಿಟಕಿ ಇರೂದೇನ್ರಿ? ಮಾಳಗಿ ಮ್ಯಾಲ ಐತ್ರಿ, ಮೆಣಸಿನಕಾಯಿ ಬಾಜೂಕ. ಎಳ್ಳಮಾಸಿ ಆದಾಗಿಂದ.”

ಆ ಕಿಟಕಿಯಿಂದ ಬಿಸಿಲು ಬಿದ್ದರೆ ಚಿಪ್ಪಿನೊಳಗೆ ಬರೆದದ್ದು ಅಳಿಸಿಹೋಗುತ್ತದೆ. ಬರೆದದ್ದನ್ನು ಅಳಿಸುವ ದೀಪ ನಮ್ಮಲ್ಲಿಲ್ಲ. ಈರಪ್ಪ ಬೇಡವಾದ ಚಿಪ್ಪುಗಳನ್ನು ಬಿಸಿಲಿಗಿಟ್ಟೇ ಅಳಿಸುತ್ತಿದ್ದ. ಉಳಿಯಬೇಕಾದ್ದಕ್ಕೆ ಕಿಟಕಿಯ ಮೇಲೆ ಚೀಟಿ. ಚೀಟಿ ಇಲ್ಲದ್ದು ಮಾಳಿಗೆಗೆ. ಇದು ಅವರ ಮನೆಯ ರೂಢಿ.

“ಇದರ ಚೀಟಿ ಉದುರಿ ಹೋಗಿತ್ರಿ. ಅವರಿದ್ದಾಗ ನಾನ ಒಣಾ ಹಾಕ್ತಿದ್ದೆ. ತಪ್ಪಾತೇನ್ರಿ ಬಾವಾರ?”

“ಇಲ್ಲವಾ. ಅದು ಹೆಂಗೂ ನಡೀತಿದ್ದಿಲ್ಲ.”

ಸುಳ್ಳು. ಮತ್ತೇನು ಹೇಳಲಿ...

23-1, ಶನಿವಾರ

ಹುಬ್ಬಳ್ಳಿ. ಈರಪ್ಪನ ಗೆಳೆಯ ಶರೀಫಸಾಬ ಒಂದು ಲ್ಯಾಬಿನಲ್ಲಿದ್ದಾನೆ. ಚಿಪ್ ಮಷೀನಿಗಿಟ್ಟು ಓದಿಸಿದ. ಅಳಿದ ಚಿಪ್ ಸೊನ್ನೆ ತೋರಿಸುವುದಿಲ್ಲವಂತೆ, ಎಲ್ಲ ಕಡೆ ಒಂದು. ಪರದೆ ತುಂಬ ಅದೇ.

“ಹೋಗೇತ್ರಿ ಕುಬೇರಣ್ಣಾರ. ಖರೆ ಹೇಳ್ಲ್ಯಾ? ಇದ್ದಿದ್ರೂ ಉಪಯೋಗ ಇದ್ದಿದ್ದಿಲ್ಲ. ಇದು ಎತ್ತಿನ ಚಕ್ಕಡಿ, ನಿಧಾನ. ವಿಡಿಯೊ ಅಂದ್ರ ರೈಲು. ಈರಪ್ಪಗ ಗೊತ್ತಿತ್ತು. ದೀಪಾವಳಿಗೆ ಬಂದು, ನನ್ನ ಕೂಡ ಜಗಳಾ ಮಾಡಿ ಬ್ಯಾರೇ ಒಂದ ತರಿಸ್ಯಾನ.”

ಖಾನೆಯಿಂದ ಇನ್ನೊಂದು ಚಿಪ್ ತೆಗೆದ. ಕಿಟಕಿ ಇಲ್ಲ.

“ಇದು ಪಿಎಎಲ್. ಅಗದಿ ಜೋರ. ಒಳಗ ಸಣ್ಣ ಸಣ್ಣ ಫ್ಯೂಸ್ ಅದಾವ, ಸುಟ್ಟು ಬರೀಬೇಕು. ಒಮ್ಮೆ ಸುಟ್ರ ಮುಗೀತು. ಬಿಸಿಲಿಗಿಟ್ರೂ ಅಷ್ಟ, ಬಾವಿಗೆ ಒಗದ್ರೂ ಅಷ್ಟ. ಇರೂದು ಇದೊಂದ.”

“ಮತ್ತ ಅವ ಯಾಕ ಸುಡ್ಲಿಲ್ಲ?”

“ಅಂಜಿದ್ದ.”

ಈರಪ್ಪ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬಸ್ಸಿನಲ್ಲಿ ಅದೊಂದೇ ಯೋಚನೆ. ನನ್ನ ಸುಳ್ಳು ನಿಜವಾಯಿತು. ಸಮಾಧಾನವಾಗಲಿಲ್ಲ.

28-1, ಗುರುವಾರ

ಶರೀಫಸಾಬ ಪ್ರೋಗ್ರಾಂ ಹೊಸದಾಗಿ ಬರೆದು ಹಳೆಯ ಚಿಪ್ಪಿಗೇ ತುಂಬಿಸಿ ತಂದ. ಯಮನೂರಿನಲ್ಲಿ ಟ್ರಯಲ್. ಚಿತ್ರ ಸಾಲಿಗೆ ನಿಂತಿತು... ಅಂಚು ಮಾತ್ರ ನಡುಗುತ್ತದೆ. ಮೋಟಾರು ಹಾಕಿಸಿದೆವು. ಚಿತ್ರ ಹರಿದೇಹೋಯಿತು.

ಡಾಕ್ಟರು ಸಿಟ್ಟಾಗಲಿಲ್ಲ. “ಕಣ್ಣಿನ ಅಂಚ ಹಿಂಗ ನಡುಗಿದ್ರ ಹುಡುಗ್ರು ಏನ್ ಕಲೀತಾರ್ರಿ? ಬುಧವಾರ ಶಿಬಿರ. ಆಗ್ಲಿಲ್ಲಂದ್ರ ವೈರ್ ಸುತ್ತಿಬಿಡ್ರಿ ಪಾಪ.”

ಲೆಕ್ಕ ಸರಿ, ವೇಗ ಸಾಲದು, ಇದನ್ನೇ ಪಿಎಎಲ್‌ಗೆ ಸುಡೋಣ ಎನ್ನುತ್ತಾನೆ ಶರೀಫಸಾಬ. ಲೆಕ್ಕವೇ ತಪ್ಪಿದ್ದರೆ? ಪಿಎಎಲ್ ಹಾಳಾದರೆ ಈರಪ್ಪನ ಪೆಟ್ಟಿಗೆ ಗುಜರಿಗೆ.

ಸಂಜೆ ಅನ್ನವ್ವನಿಗೆ ಎಲ್ಲ ಹೇಳಿದೆ. ಬಿಸಿಲಿನದೂ ಹೇಳಿದೆ. ಹಸನು ಮಾಡುತ್ತಿದ್ದ ಜೋಳದ ಮೊರ ಕೆಳಗಿಟ್ಟಳು.

“ನನ್ನ ಮುಂದ ದೊಡ್ಡ ಶಾಣ್ಯಾನಂಗ ಮಾಡ್ತಿದ್ರು. ಅಂಜಿಕಿ ಬಂದಿದ್ದು ಹೇಳ್ಲಿಲ್ಲ ನೋಡ್ರಿ.”

ಕಣ್ಣೊರೆಸಿಕೊಂಡಳು.

“ಹುಬ್ಬಳ್ಳಿಗೆ ನಾನೂ ಬರ್ತೀನ್ರಿ. ನೀವು ಅವರಣ್ಣ. ನೀವೂ ಅಂಜಾವ್ರ.”

30-1, ಶನಿವಾರ. ಲ್ಯಾಬಿನಲ್ಲಿ

ಶರೀಫಸಾಬ ಪ್ರೋಗ್ರಾಂ ಸಾಲುಸಾಲಾಗಿ ಮತ್ತೊಮ್ಮೆ ತಾಳೆ ನೋಡಿ, ಪಿಎಎಲ್ ಮಷೀನಿಗಿಟ್ಟ. ಅನ್ನವ್ವ ತಲೆಯ ಮೇಲೆ ಸೆರಗು ಹೊದ್ದು ಸ್ಟೂಲಿನ ಮೇಲೆ ಕೂತಿದ್ದಳು.

“ತಪ್ಪಿದ್ರ ಏನ್ ಮಾಡ್ತೀರಿ?”

“ಒಗಿಯೂದ್ರಿ ವೈನಿ.”

“ಸುಡಲಾರ್ದ ಇಟ್ರ?”

“ಇನ್ನೊಂದ್ ವರ್ಷ ಇಟ್ಟು, ಆಮ್ಯಾಲ ಒಗಿಯೂದು.”

ನಕ್ಕಳು. ಈರಪ್ಪ ಹೋದ ಮೇಲೆ ಈ ನಗು ಕೇಳಿರಲಿಲ್ಲ. ಮಷೀನಿನ ಬಟನ್ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು.

“ಒತ್ತಲೇನ್ರಿ ಬಾವಾರ?”

ಹೂಂ ಅಂದೆ. ಒತ್ತಿದಳು.

ಕೆಂಪು ದೀಪ ಹತ್ತಿದೆ. ನೋಡಲಾಗದೆ ಇದನ್ನು ಬರೆಯುತ್ತ ಕೂತಿದ್ದೇನೆ. ಅವಳ ಬೆರಳು ಇನ್ನೂ ಬಟನ್ ಮೇಲೇ.

“ಬಿಡ್ರಿ ವೈನಿ, ಸುಡೂದ್ ಸುಟ್ಟಾತು.”

ಬೆರಳು ತೆಗೆದಳು. ಶರೀಫಸಾಬ ಪರದೆಗೆ ಬಗ್ಗಿದ್ದಾನೆ. “ಸಾಲಿಗೆ ಸಾಲು ಕೂಡೇತ್ರಿ,” ಅಂದ. ಅನ್ನವ್ವ ನನ್ನ ತೋಳು ಹಿಡಿದು —